ಕೆಂಚನ ಐಸ್‌ಕ್ಯಾಂಡಿ

ನಾಯಿಯ ಬಾಯಿ ನಾತಕ್ಕೆ ಐಸ್‌ಕ್ಯಾಂಡಿ ಮಾಡಿ ತಿನ್ನಿಸುತ್ತಾರೆ ಎಂದು ಚಿಕ್ಕರಸಿನಕೆರೆಯಲ್ಲಿ ಯಾರಿಗಾದರೂ ಹೇಳಿದರೆ ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ನಿಮ್ಮನ್ನು ಓದಿಸಿದವರ ಮುಖ ನೋಡುತ್ತಾರೆ. ನಮ್ಮ ಕಡೆ ನಾಯಿಗೆ ಬಾಯಿ ಇರುವುದು ಬೊಗಳುವುದಕ್ಕೆ, ಮುದ್ದೆ ನುಂಗುವುದಕ್ಕೆ, ಗುರುತಿಲ್ಲದವರು ಬಂದರೆ ಪಂಚೆ ಹಿಡಿಯುವುದಕ್ಕೆ. ಅದರೊಳಗೆ 42 ಹಲ್ಲುಗಳಿರುತ್ತವೆ, ಅವೂ ನೋಯುತ್ತವೆ ಎಂಬುದು ಯಾರ ತಲೆಗೂ ಬರುವ ವಿಷಯವಲ್ಲ. ಹಾಗಾಗಿ ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿರುವ, ಮದುವೆ ಮಾತೆತ್ತಿದಾಗಲೆಲ್ಲ ಥೀಸಿಸ್ ಮುಗಿಯಲಿ ಎನ್ನುವ 28 ವರ್ಷದ ಹೆಣ್ಣುಮಗಳು ಊರಿಗೆ ಬಂದು ಫ್ರಿಜ್ಜಿನಲ್ಲಿ ನಾಯಿಗೆ ಮೊಸರು ಗಡ್ಡೆ ಕಟ್ಟಿಸುತ್ತಿದ್ದಾಳೆ ಎಂಬ ಸುದ್ದಿ ಹಾಲಿನ ಡೇರಿ ತಲುಪಲು ಒಂದು ಬೆಳಗ್ಗೆ ಸಾಕಾಯಿತು. "ನಿಮ್ಮುಡ್ಗಿ ನಾಯ್ಗೆ ಐಸ್‌ಕ್ಯಾಂಡಿ ಮಾಡ್ತಾವಳಂತಲ್ಲ ಕಣಕ್ಕ" ಎಂದು ಅಲ್ಲಿ ಯಾರೋ ಕೇಳಿದರಂತೆ. ಅವ್ವ ಕ್ಯಾನಿನ ಮುಚ್ಚಳ ಹಾಕಿಕೊಂಡು ಮಾತಾಡದೆ ಬಂದಳು. ಬಂದ ಮೇಲೆ ನನಗೆ ಬೇಕಾದಷ್ಟು ಮಾತಾಡಿದಳು.

ಕೆಂಚನಿಗೆ ಒಂಬತ್ತು ವರ್ಷ. ಆಲೆಮನೆಯೊಂದರ ಬೂದಿಗುಡ್ಡೆ ಪಕ್ಕ ಹುಟ್ಟಿದ ಮರಿ. ತಾತ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಾಗ ಮೈಯೆಲ್ಲ ಬೆಲ್ಲದ ಅಂಟು. ಅಂದಿನಿಂದ ಅದು ತಾತನ ನಾಯಿ. ತಾತನಿಗೆ ಈಗ ಕಣ್ಣು ಮಂಜು. ರಾತ್ರಿ ಎದ್ದು ಹೊರಗೆ ಹೋಗುವಾಗ ಕೆಂಚ ಎರಡು ಹೆಜ್ಜೆ ಮುಂದೆ ನಡೆಯುತ್ತದೆ, ಅದರ ಉಗುರಿನ ಸದ್ದಿನ ಹಿಂದೆ ತಾತ ನಡೆಯುತ್ತಾನೆ. ನಡುಮನೆಯಲ್ಲಿ ತಾತನ ಮಂಚದ ಕೆಳಗೆ ಒಂದು ಗೋಣಿಚೀಲ, ಅದು ಕೆಂಚನ ಜಾಗ. ಕಳೆದ ಬೇಸಿಗೆಯಲ್ಲಿ ಆ ಜಾಗವೇ ಜಗಳಕ್ಕೆ ಬಂತು. ಕೆಂಚ ಬಾಯಿ ತೆರೆದು ಏದುಸಿರು ಬಿಟ್ಟರೆ ನಡುಮನೆಯಲ್ಲಿ ಕೂತು ಉಣ್ಣಲು ಆಗುತ್ತಿರಲಿಲ್ಲ. ಅಂಥ ಗಬ್ಬು. ಬೇಸಿಗೆಯಲ್ಲಂತೂ ನಾಯಿ ಬಾಯಿ ಮುಚ್ಚುವ ಹಾಗಿಲ್ಲ, ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಮುಖ್ಯವಾಗಿ ಇರುವುದು ಅದೊಂದೇ ದಾರಿ.

ಅವ್ವನ ತೀರ್ಮಾನ ಸರಳವಾಗಿತ್ತು. "ಇತ್ಲಲ್ಲಿ ಕಟ್ಟಾಕಿ."

ನಮ್ಮ ಹಿತ್ತಲು ಮುಗಿಯುವುದೇ ಕಬ್ಬಿನ ಗದ್ದೆಯಲ್ಲಿ. ನಮ್ಮ ಮಂಡ್ಯ ಸೀಮೆಯ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಬ್ಬು ಆಳುದ್ದ ಬೆಳೆದು ನಿಂತ ಮೇಲೆ ಅದು ಕಾಡೇ. ಒಳಗೆ ತಂಪು, ನೀರು, ಇಲಿ, ಹಂದಿ. ಹಂದಿಯ ಹಿಂದೆ ಚಿರತೆ. ತಾತ ಈಗಲೂ ಕಿರುಬ ಎಂದೇ ಅನ್ನುವುದು. ಅಲ್ಲೇ ಮರಿ ಹಾಕಿ, ಕಟಾವಿನ ಕೂಲಿಯವರ ಕೈಗೆ ಮರಿ ಸಿಕ್ಕಿದ ಸುದ್ದಿ ವರ್ಷಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿರುತ್ತದೆ. ಚಿರತೆಗೆ ಹಸುವಿಗಿಂತ ಕರು ಸುಲಭ, ಕರುವಿಗಿಂತ ನಾಯಿ ಸುಲಭ, ಎಲ್ಲಕ್ಕಿಂತ ಸುಲಭ ಕಟ್ಟಿಹಾಕಿದ ನಾಯಿ. ಹಿತ್ತಲಲ್ಲಿ ಕಟ್ಟುವುದೆಂದರೆ ಕೆಂಚನನ್ನು ಸರಪಳಿ ಸಮೇತ ಬಡಿಸಿಟ್ಟ ಹಾಗೆ. ಅವ್ವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ನಾಲ್ಕು ಹೊತ್ತು ಅಡುಗೆ ಮಾಡಿ, ಎರಡು ಹೊತ್ತು ಹಾಲು ಕರೆದು, ಕೊನೆಗೆ ಉಣ್ಣಲು ಕೂತಾಗ ಹೊಟ್ಟೆ ತೊಳಸುವ ಹೆಂಗಸಿನ ಕಷ್ಟವೂ ಕಷ್ಟವೇ.

ನಾನು ಆಗ ಥೀಸಿಸ್ಸಿನ ಮೂರನೇ ಅಧ್ಯಾಯ ಬರೆಯಲೆಂದು ಎರಡು ತಿಂಗಳ ಮಟ್ಟಿಗೆ ಊರಿಗೆ ಬಂದಿದ್ದೆ. ಐಸ್‌ಕ್ಯಾಂಡಿಯ ಉಪಾಯ ಹೇಳಿದ್ದು ಹಾಸ್ಟೆಲಿನ ಗೆಳತಿ. ಪೇಟೆಯ ನಾಯಿ ಸಾಕುವವರು ಮೊಸರಿಗೆ ಪುದೀನವೋ ಪಾರ್ಸ್ಲಿ ಸೊಪ್ಪೋ ಸೇರಿಸಿ ಹೆಪ್ಪುಗಟ್ಟಿಸಿ ಕೊಡುತ್ತಾರಂತೆ. ಅದರಿಂದ ರೋಗ ವಾಸಿಯಾಗದು ಎಂದು ಅವಳೂ ಹೇಳಿದಳು, ಓದಿದ ಮೇಲೆ ನನಗೂ ತಿಳಿಯಿತು. ಆದರೆ ನನಗೆ ಬೇಕಿದ್ದುದು ವಾಸಿಯಲ್ಲ, ರಾತ್ರಿಗಳು. ಪ್ರತಿ ರಾತ್ರಿ ಅವ್ವ ಊಟಕ್ಕೆ ಕೂರುವ ಹೊತ್ತಿಗೆ ಒಂದು ಗಂಟೆ ನಾತ ತಗ್ಗಿದರೂ ಕೆಂಚನಿಗೆ ಒಂದು ರಾತ್ರಿ ಒಳಗೆ ಸಿಕ್ಕಂತೆ.

ಮಾಡುವುದು ಕಷ್ಟವೇನಿಲ್ಲ. ಮನೆಯ ಮೊಸರನ್ನು ಪಂಚೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದೆ. ನಾಲ್ಕು ಎಲೆ ಪುದೀನ, ಒಂದಿಷ್ಟು ಕೊತ್ತಂಬರಿ ಸೊಪ್ಪು ಅರೆದು ಹಾಕಿದೆ. ಸೌತೆಕಾಯಿ ತುರಿದು ಸೇರಿಸಿದೆ. ಉಪ್ಪಿಲ್ಲ, ಸಕ್ಕರೆಯಿಲ್ಲ. ಬೆಲ್ಲವೂ ಇಲ್ಲ, ಆಲೆಮನೆಯಲ್ಲಿ ಹುಟ್ಟಿದವನಿಗೆ ಅದೊಂದು ಅನ್ಯಾಯ. ಗೆಳತಿಯ ಪಟ್ಟಿಯಲ್ಲಿ ಎಳನೀರೂ ಇತ್ತು. ಮದ್ದೂರು ಸೀಮೆಯಲ್ಲಿ ಎಳನೀರಿಗೆ ಬರವೇ? ಆದರೂ ಹಾಕಲಿಲ್ಲ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ವಯಸ್ಸಾದ ನಾಯಿಯ ಮೂತ್ರಪಿಂಡ ಸೋತಿದ್ದರೆ ಅದು ಒಳ್ಳೆಯದಲ್ಲ, ಬಾಯಿ ನಾರುವುದಕ್ಕೆ ಮೂತ್ರಪಿಂಡವೂ ಒಂದು ಕಾರಣವಾಗಿರಬಹುದು.

ಐಸ್ ಟ್ರೇಯನ್ನು ನಾನು ಬಳಸಲಿಲ್ಲ. ಕಲ್ಲಿನಂಥ ಐಸ್ ತುಂಡನ್ನು ಕಡಿದು ಹಲ್ಲು ಸೀಳಿಕೊಳ್ಳುವ ನಾಯಿಗಳಿವೆ. ಟಿಫಿನ್ ಡಬ್ಬಿಯ ಮುಚ್ಚಳಕ್ಕೆ ದೋಸೆಯಷ್ಟು ತೆಳ್ಳಗೆ ಸವರಿ ಒಳಗಿಟ್ಟೆ. ನಮ್ಮದು ಒಂದೇ ಬಾಗಿಲಿನ ಹಳೆಯ ಫ್ರಿಜ್ಜು. ಮೇಲಿನ ಪೆಟ್ಟಿಗೆಯಲ್ಲಿ ಎರಡು ಮುಚ್ಚಳ ಹಿಡಿಸುತ್ತವೆ, ಅದೂ ಕರೆಂಟು ಇದ್ದರೆ. ಮಧ್ಯಾಹ್ನ ಕರೆಂಟು ಹೋಗಿ ಸಂಜೆ ಬಂದ ದಿನ ಐಸ್‌ಕ್ಯಾಂಡಿ ಮಜ್ಜಿಗೆಹುಳಿಯಂತಾಗಿ ಅವ್ವನ ಬೆಣ್ಣೆಯ ಮೇಲೆ ಸೋರಿತ್ತು.

ಸಲಹೆಗಳಿಗೆ ಬರವಿರಲಿಲ್ಲ. ಎದುರು ಮನೆಯ ಅಜ್ಜಿ ಬೆಳ್ಳುಳ್ಳಿ ಜಜ್ಜಿ ಹಾಕು, ಹೊಟ್ಟೆ ಹುಳ ಸತ್ತರೆ ಬಾಯಿ ಸರಿಹೋಗುತ್ತದೆ ಎಂದಳು. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ತಾತ ಲವಂಗ ಎಂದ. ಲವಂಗದ ಎಣ್ಣೆ ನಾಯಿಗೆ ಒಗ್ಗದು. ತಮ್ಮ ತನ್ನ ಪೇಸ್ಟನ್ನೇ ತಂದುಕೊಟ್ಟ. ನಮ್ಮ ಪೇಸ್ಟನ್ನು ನಾವು ಉಗುಳುತ್ತೇವೆ, ನಾಯಿ ನುಂಗುತ್ತದೆ. ಕೆಲವು ಪೇಸ್ಟು, ಚೂಯಿಂಗ್ ಗಮ್ಮುಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಥಟ್ಟನೆ ಇಳಿಸಿಬಿಡುತ್ತದೆ, ಯಕೃತ್ತನ್ನೂ ಕೆಡಿಸುತ್ತದೆ. ಎಲ್ಲರಿಗೂ ಬೇಡ ಬೇಡ ಎನ್ನುತ್ತ ಹೋದೆ. "ಓದ್ದೋರ್ ಮನೆ ನಾಯಿ, ಏನೂ ತಿನ್ನಂಗಿಲ್ಲ" ಎಂದು ಅಜ್ಜಿ ಎದ್ದು ಹೋದಳು.

ಅವ್ವ ಎಲ್ಲಕ್ಕೂ ಬೆಲ್ಲವನ್ನೇ ಬೈಯುತ್ತಿದ್ದಳು. ಚಿಕ್ಕಂದಿನಲ್ಲಿ ತಿಂದ ಬೆಲ್ಲ ಈಗ ಹಲ್ಲು ಹುಳುಕು ಮಾಡಿದೆ ಎಂದು. ಅದು ನಮ್ಮ ಹಲ್ಲಿನ ಲೆಕ್ಕ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ, ಹಾಗಾಗಿ ಅವಕ್ಕೆ ಹುಳುಕು ಕಡಿಮೆ. ಬದಲಿಗೆ ಇನ್ನೊಂದು ತೊಂದರೆ. ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪಾಚಿಯನ್ನು ಎರಡು ಮೂರು ದಿನ ತಿಕ್ಕದೆ ಬಿಟ್ಟರೆ ಜೊಲ್ಲಿನ ಸುಣ್ಣದಂಶ ಸೇರಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಗಾರೆಯ ಅಂಚಿನಲ್ಲಿ, ವಸಡಿನ ಸಂದಿಯಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ಸೇರಿಕೊಂಡು ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ನಾತವೂ ಇದೇ ಗಂಧಕದ್ದು. ಪುದೀನ ಈ ಗಾರೆಯನ್ನು ಮುಟ್ಟುವುದೂ ಇಲ್ಲ. ಸತ್ತ ಇಲಿಯಿರುವ ಕೋಣೆಯಲ್ಲಿ ಊದುಬತ್ತಿ ಹಚ್ಚಿದ ಹಾಗೆ ಅದು.

ಇಲ್ಲಿ ನನ್ನ ಮೂರನೇ ಅಧ್ಯಾಯದ ವಿಷಯ ಸ್ವಲ್ಪ ಹೇಳಬೇಕು. ನಾನು ಕೆಲಸ ಮಾಡುತ್ತಿರುವುದು ನಮ್ಮ ಸೀಮೆಯ ವೀರಗಲ್ಲುಗಳ ಮೇಲೆ. ಆ ಅಧ್ಯಾಯ ನಮ್ಮ ಮದ್ದೂರು ತಾಲ್ಲೂಕಿನದೇ ಆದ ಆತಕೂರಿನ ಕಲ್ಲಿನದು. ಶಕ 872ರ ಶಾಸನ, ಅಂದರೆ ಕ್ರಿ.ಶ. 949-50. ಚರಿತ್ರೆ ಓದಿದವರಿಗೆ ಅದು ತಕ್ಕೋಲದ ಯುದ್ಧದ ಕಲ್ಲು. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಆ ಕಲ್ಲು ನಿಂತದ್ದು ರಾಜರಿಗಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಬೂತುಗನ ಕಡೆಯ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಬೇಡು ಎಂದಾಗ ಅವನು ಬೇಡಿದ್ದು ಆ ನಾಯಿಯನ್ನು. ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಕಾದಾಡಿ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂಬರ್ಥದ ಶಾಪವೂ ಉಂಟು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಲಾಗಿದೆ. ಹಂದಿ ಮತ್ತು ನಾಯಿ ಎದುರುಬದುರಾಗಿ ಕಾದುತ್ತಿವೆ. ಹಗಲು ನಾನು ಈ ಕಾಳಿಯ ಬಗ್ಗೆ ಅಡಿಟಿಪ್ಪಣಿ ಬರೆಯುತ್ತಿದ್ದೆ, ಸಂಜೆ ಕೆಂಚನ ಮುಂದೆ ಟಿಫಿನ್ ಮುಚ್ಚಳ ಹಿಡಿಯುತ್ತಿದ್ದೆ. ಹಂದಿ ಹಿಡಿದು ಸಾಯುವ ನಾಯಿಗೆ ಕಲ್ಲು ನಿಲ್ಲಿಸುವುದು ಸುಲಭ. ಮುದಿಯಾಗಿ, ಬಾಯಿ ನಾರಿ, ಮಂಚದ ಕೆಳಗೆ ಮಲಗಿರುವ ನಾಯಿಗೆ ಶಾಸನದಲ್ಲಿ ಜಾಗವಿಲ್ಲ.

ನಮ್ಮೂರ ದೇವರಂತೂ ಕಾಲಭೈರವೇಶ್ವರ. ಗುಡಿಯ ಬಸಪ್ಪನ ಹೆಸರು ದೊಡ್ಡದು, ದೂರದೂರದ ಊರುಗಳವರು ಕರೆದುಕೊಂಡು ಹೋಗಿ ಪಾದ ತೊಳೆಯುತ್ತಾರೆ. ಆದರೆ ಭೈರವನ ವಾಹನ ನಾಯಿ. ಒಂದು ರಾತ್ರಿ ತಾತ ಇದನ್ನೇ ಅಸ್ತ್ರ ಮಾಡಿಕೊಂಡ. "ದೇವ್ರು ಕೂರೋ ಪ್ರಾಣಿ ಕಣವ್ವ, ಇತ್ಲಿಗಾಕ್ಬಾರ್ದು" ಎಂದ. ಅವ್ವ ತಟ್ಟೆ ಎತ್ತಿಕೊಂಡು ಏಳುತ್ತ, "ದೇವ್ರೇನು ಮುಂದ್ಕೆ ತಿರುಗಿ ಕುಂತಿರ್ತಾನೆ, ಬಾಯ್ ನಾತ ಅವುನ್ಗೇನ್ ಗೊತ್ತಾಯ್ತದೆ?" ಎಂದಳು. ನಾನೂ ತಮ್ಮನೂ ನಕ್ಕು ನಕ್ಕು ಸುಸ್ತಾದೆವು. ಕೊನೆಗೆ ತಾತನೂ ನಕ್ಕ.

ಐಸ್‌ಕ್ಯಾಂಡಿ ತನ್ನ ಕೆಲಸ ಮಾಡುತ್ತಿತ್ತು. ರಾತ್ರಿ ಎಂಟಕ್ಕೆ ಕೊಟ್ಟರೆ ಅವ್ವನ ಊಟ ಮುಗಿಯುವವರೆಗೆ ಬಾಯಿ ತಣ್ಣಗಿರುತ್ತಿತ್ತು, ಏದುಸಿರೂ ಕಡಿಮೆ. ಅವ್ವ ಹಿತ್ತಲಿನ ಮಾತು ನಿಲ್ಲಿಸಿದಳು ಎಂದಲ್ಲ, ನಾಳೆಗೆ ಮುಂದೂಡುತ್ತಿದ್ದಳು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಇರಬೇಕು. ಮುದ್ದೆ ಹಾಕಿದರೆ ಕೆಂಚ ಅಗಿಯುವುದೇ ಇಲ್ಲ, ನಾವು ತಿಂದ ಹಾಗೆಯೇ ನುಂಗುತ್ತದೆ. ಮುದ್ದೆ ಅಗಿಯುವುದು ನಮ್ಮಲ್ಲಿ ಮರ್ಯಾದೆಯೂ ಅಲ್ಲ. ಹಾಗಾಗಿ ಅದು ಹೇಗೆ ತಿನ್ನುತ್ತದೆ ಎಂದು ಇಷ್ಟು ವರ್ಷ ನೋಡುವ ಸಂದರ್ಭವೇ ಬಂದಿರಲಿಲ್ಲ. ಹೆಪ್ಪುಗಟ್ಟಿದ ಮೊಸರನ್ನು ಮಾತ್ರ ಕಡಿಯಬೇಕು. ಕೆಂಚ ತಲೆಯನ್ನು ಎಡಕ್ಕೆ ಓರೆ ಮಾಡಿ, ಒಂದೇ ದವಡೆಯಲ್ಲಿ ಕಡಿಯುತ್ತಿತ್ತು. ತುಂಡು ಬಲಕ್ಕೆ ಸರಿದರೆ ಕೆಳಗೆ ಬೀಳಿಸಿ ಮತ್ತೆ ಎತ್ತಿಕೊಳ್ಳುತ್ತಿತ್ತು. ಆ ರಾತ್ರಿ ಮುಚ್ಚಳದಲ್ಲಿ ಉಳಿದ ಬಿಳಿ ಮೊಸರಿನ ಮೇಲೆ ಕೆಂಪು ಗೆರೆ. ನೂಲಿನಷ್ಟು ಸಣ್ಣದು. ಮಣ್ಣಿನ ಬಟ್ಟಲಿನ ಸಾರಿನಲ್ಲಾದರೆ ಕಾಣುತ್ತಲೇ ಇರಲಿಲ್ಲ.

ತಮ್ಮ ಮೊಬೈಲ್ ಟಾರ್ಚ್ ಹಿಡಿದ, ತಾತ ಕುತ್ತಿಗೆ ತಬ್ಬಿಕೊಂಡು ಕೂತ, ನಾನು ತುಟಿ ಎತ್ತಿದೆ. ಮೇಲಿನ ಬಲ ದವಡೆಯ ದೊಡ್ಡ ಹಲ್ಲು ಹೋಳಾಗಿತ್ತು. ಸುತ್ತ ಕಂದು ಗಾರೆ, ವಸಡು ನೇರಳೆ ಬಣ್ಣ. ಕಣ್ಣಿನ ಕೆಳಗೆ ಕೈಯಿಟ್ಟರೆ ಮೆತ್ತಗೆ ಊತ. ಆ ಹಲ್ಲಿನ ಬೇರು ಕಣ್ಣಿನ ಬುಡದವರೆಗೂ ಹೋಗಿರುತ್ತದೆ, ಒಳಗೆ ಕೀವಾದರೆ ಅಲ್ಲೇ ಉಬ್ಬುವುದು. ನಾಯಿ ಮೂಳೆ ಕಡಿಯುವುದು ಮುಖ್ಯವಾಗಿ ಆ ಹಲ್ಲಿನಲ್ಲೇ. ಭಾನುವಾರದ ಬಾಡಿನ ಬೆಂದ ಮೂಳೆ ಯಾವುದೋ ಒಂದು ದಿನ ಅದನ್ನು ಸೀಳಿತ್ತು. ಎಷ್ಟು ತಿಂಗಳಿನಿಂದ ನೋಯುತ್ತಿತ್ತೋ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತನಗೆ ದವಡೆ ಹಲ್ಲು ನೋವು ಬಂದಾಗ ಮೂರು ರಾತ್ರಿ ನಿದ್ದೆಯಿಲ್ಲದೆ ಕೂತವಳು ಅವಳು. "ಒಂದಪವೂ ಕುಂಯ್ ಅನ್ನಲಿಲ್ವಲ್ಲೋ ಮುಂಡೇದೆ" ಎಂದಳು.

ಮಂಡ್ಯಕ್ಕೆ ಗೂಡ್ಸ್ ಆಟೋದಲ್ಲಿ ಹೋದೆವು. ಆಗ ನನ್ನ ಫೆಲೋಶಿಪ್ ಬಂದು ತಿಂಗಳುಗಳಾಗಿದ್ದವು. ತಾತ ಡೇರಿ ಬಟವಾಡೆಯ ದುಡ್ಡು ತೆಗೆದು ಕೈಗಿಟ್ಟ. ಪಶುವೈದ್ಯರು ಬಾಯಿ ನೋಡಿದ ಕೂಡಲೇ ಹಲ್ಲು ಕೀಳಲು ಒಪ್ಪಲಿಲ್ಲ. ನಾಯಿಯ ಹಲ್ಲಿನ ಕೆಲಸ ಪೂರ್ತಿ ಅರಿವಳಿಕೆ ಕೊಟ್ಟೇ ಆಗಬೇಕು. ಒಂಬತ್ತು ವರ್ಷದ ನಾಯಿಗೆ ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ, ಯಕೃತ್ತು ತಡೆಯುತ್ತವೆಯೇ ನೋಡಬೇಕು. ವರದಿ ಬರುವವರೆಗಿನ ಎರಡು ದಿನ ಮನೆಯಲ್ಲಿ ಯಾರೂ ನಾತದ ಮಾತೆತ್ತಲಿಲ್ಲ. ವರದಿ ಚೆನ್ನಾಗಿತ್ತು. ಮೂರು ಬೇರಿನ ಆ ಹಲ್ಲನ್ನು ಮೂರು ಹೋಳು ಮಾಡಿ ತೆಗೆದರು, ಉಳಿದವುಗಳ ಗಾರೆ ಕೆರೆದರು. ಮತ್ತೇರಿ ಮಲಗಿದ್ದ ಕೆಂಚನನ್ನು ತಾತ ಟವೆಲ್ಲಿನಲ್ಲಿ ಸುತ್ತಿಕೊಂಡು ಆಟೋದ ಹಿಂದೆ ಕೂತ. ಮರಿಯಲ್ಲ ಈಗ, ಟವೆಲ್ಲು ಸಾಲಲಿಲ್ಲ.

ಹೊಲಿಗೆ ಮಾಯುವವರೆಗೆ ಮೆತ್ತನೆಯದನ್ನೇ ಕೊಡಿ ಎಂದಿದ್ದರು. ಗಾಯ ಆರಿದ ಮೇಲೆ ನಾಯಿಗೆಂದೇ ಮಾಡಿದ ಪೇಸ್ಟಿನಲ್ಲಿ ದಿನಾ ಹಲ್ಲು ತಿಕ್ಕಿ, ತಿಕ್ಕದಿದ್ದರೆ ಗಾರೆ ಮತ್ತೆ ಕಟ್ಟುತ್ತದೆ ಎಂದರು. ಬೆರಳಿಗೆ ಬಟ್ಟೆ ಸುತ್ತಿ ತಿಕ್ಕುವ ಕೆಲಸ ತಾತನದು. ಕಣ್ಣು ಕಾಣದಿದ್ದರೂ ಯಾವ ಹಲ್ಲಿನ ಬುಡ ದೊರಗಾಗಿದೆ ಎಂದು ಬೆರಳಿನಲ್ಲೇ ಹೇಳುತ್ತಾನೆ. ನಾತ ಪೂರ್ತಿ ಹೋಗಿಲ್ಲ. ನಾಯಿಯ ಬಾಯಿ ನಾಯಿಯ ಬಾಯಿಯೇ. ಉಣ್ಣಲು ಆಗದಂಥ ಗಬ್ಬು ಈಗಿಲ್ಲ, ಅಷ್ಟೇ.

ನಾನು ಮೈಸೂರಿಗೆ ಮರಳಿದೆ. ಮೊನ್ನೆ ಅವ್ವ ಫೋನ್ ಮಾಡಿದ್ದಳು. ನಾಲೆ ಏರಿಯ ಮೇಲೆ ಚಿರತೆ ಹೆಜ್ಜೆ ಕಂಡಿದೆಯಂತೆ, ಅರಣ್ಯ ಇಲಾಖೆಯವರು ಬೋನು ಇಟ್ಟಿದ್ದಾರಂತೆ. ಕೆಂಚ ಎಲ್ಲಿ ಎಂದೆ. "ಎಲ್ಲೆ ಅಂದ್ರೆ? ಒಳಗೆ ಮಂಚದ್ ಕೆಳ್ಗವ್ನೆ" ಎಂದಳು, ಕೇಳಬಾರದ್ದನ್ನು ಕೇಳಿದ ಹಾಗೆ. ಆಮೇಲೆ ಸೌತೆಕಾಯಿ ಮುಗಿದಿದೆ, ಅದರ ಬದಲು ಕ್ಯಾರೆಟ್ಟು ತುರಿದು ಹಾಕಿದರೆ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದೆ.