ನಿಂತ ಟೈರಿಗೂ ವಯಸ್ಸಾಗುತ್ತದೆ

ಅಮೆರಿಕದಲ್ಲಿ ‘ಮೋಟರ್‌ಹೋಮ್’ ಎಂಬ ಓಡಾಡುವ ಮನೆಗಳಿವೆ. ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಬಸ್ಸಿನಂಥ ವಾಹನದೊಳಗೇ. ರಜೆಯಲ್ಲಿ ಪ್ರವಾಸ ಹೊರಡುವ ಇಂಥ ಎಷ್ಟೋ ವಾಹನಗಳು ಉಳಿದ ದಿನವೆಲ್ಲ ನಿಂತೇ ಇರುತ್ತವೆ. ಟೈರಿನ ಗ್ರಿಪ್ ಹೊಸದರಂತೆ ಉಳಿದಿರುತ್ತದೆ. ಆದರೂ ಅನೇಕ ಮಾಲೀಕರು ಆರೇಳು ವರ್ಷಕ್ಕೇ ಅದನ್ನು ಬದಲಿಸುತ್ತಾರೆ. ಇದು ದುಂದುವೆಚ್ಚವೇ? ಖಂಡಿತ ಅಲ್ಲ.

ರಸ್ತೆ ಟೈರನ್ನು ಸವೆಸಿದರೆ, ಗಾಳಿ ಬಿಸಿಲುಗಳು ಅದನ್ನು ಮುದಿಯಾಗಿಸುತ್ತವೆ. ಆಮ್ಲಜನಕದಿಂದ ರಬ್ಬರು ಗಡುಸಾಗುತ್ತದೆ. ಓಜೋನ್‌ನಿಂದ ಪಕ್ಕದ ಮೈಯಲ್ಲಿ ಬಿರುಕು ಮೂಡುತ್ತದೆ. ಇದನ್ನು ತಡೆಯಲೆಂದೇ ಬೆರೆಸಿದ ಮೇಣ, ಟೈರು ಉರುಳಿ ಬಾಗಿದಾಗ ಚೆನ್ನಾಗಿ ಹೊರಮೈಗೆ ಬರುತ್ತದೆ; ನಿಂತಲ್ಲೇ ನಿಂತರೆ ಆ ರಕ್ಷಣೆ ಕುಗ್ಗುತ್ತದೆ. ಟನ್ನುಗಟ್ಟಲೆ ಭಾರ ಹೊತ್ತು ಓಡುವಾಗ ಮುಂದಿನ ಟೈರು ಸಿಡಿದರೆ ಒಳಗಿರುವ ಮನೆಮಂದಿಯ ಪ್ರಾಣಕ್ಕೇ ಕುತ್ತು. ಆದ್ದರಿಂದಲೇ 5 ವರ್ಷದ ನಂತರ ಪ್ರತಿವರ್ಷ ತಪಾಸಣೆ ಮಾಡಿಸಿ, 10 ವರ್ಷವಾದರೆ ಗ್ರಿಪ್ ಇದ್ದರೂ ಬದಲಿಸಿ ಎಂಬುದು ಮಿಷೆಲಿನ್ ಕಂಪನಿಯ ಸಲಹೆ.

ಟೈರಿನ ವಯಸ್ಸು ತಿಳಿಯುವುದು ಸುಲಭ. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಂಗಳದಲ್ಲಿ ನಿಂತೇ ಇರುವ ಹಳೆಯ ಕಾರಿನ ರಬ್ಬರಿಗೂ ಇದೇ ರಸಾಯನಶಾಸ್ತ್ರ. ಮಕ್ಕಳು ಆ ಅಂಕಿಯನ್ನು ಹುಡುಕಿ ಓದಲಿ. ಹಿರಿಯರು ಲೆಕ್ಕ ಹಾಕಲಿ.