ಮಗ ಏನು ಕೇಳುತ್ತಿದ್ದಾನೆ?

ಹರೆಯದ ಮಕ್ಕಳಿರುವ ಮನೆಗಳಲ್ಲಿ ಇಂದು ಕೇಳಿಬರುವ ದೊಡ್ಡ ದೂರು ಇಯರ್‌ಫೋನಿನದು. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಅಝಾನ್ ಆದರೂ ಕೇಳಿಸುವುದಿಲ್ಲ. ಕಿವಿಯೊಳಗೆ ಏನು ನಡೆಯುತ್ತಿದೆ ಎಂಬುದು ತಂದೆ-ತಾಯಿಗೆ ತಿಳಿದಿರುವುದಿಲ್ಲ. ತಿಳಿದ ದಿನ ಮನೆಯಲ್ಲಿ ರಂಪವಾಗುತ್ತದೆ.

ಕೌದಳ್ಳಿಯಲ್ಲಿರುವ ನಮ್ಮ ಆಪಾಳ ಮನೆಯಲ್ಲೂ ಹಾಗೆಯೇ ಆಯಿತು. ಆಕೆಯ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಕ್ಕಳಿಗೆ ಟ್ಯೂಷನ್ ಹೇಳಿ ಉಳಿಸಿದ ಹಣದಲ್ಲಿ ಒಂದು ಗಿಟಾರ್ ಕೊಂಡು ರಜೆಯಲ್ಲಿ ಊರಿಗೆ ತಂದ. ಅಂಗಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು. ತಾನು ಕೇಳುವ ಸಂಗೀತದ ಹೆಸರು 'ಡೂಮ್ ಮೆಟಲ್' ಎಂದ. ಕಿಯಾಮತ್ ದಿನಕ್ಕೆ ಇಂಗ್ಲಿಷಿನಲ್ಲಿ ಡೂಮ್ಸ್‌ಡೇ ಎನ್ನುತ್ತಾರೆಂದು ಭಾವನಿಗೆ ಗೊತ್ತಿತ್ತು. "ಆ ಪೆಟ್ಟಿಗೆ ಈ ಮನೆಯಲ್ಲಿದ್ದರೆ ನೀನು ಇರಬೇಡ" ಎಂದುಬಿಟ್ಟರು. ಹುಡುಗ ರಾತ್ರಿಯ ಬಸ್ಸಿಗೇ ಹೊರಟುಹೋದ.

ಆಪಾ ನನಗೆ ಫೋನ್ ಮಾಡಿದಳು. "ನೀನು ಮದ್ರಸದಲ್ಲೂ ಓದಿದವನು, ಕಾಲೇಜಿನಲ್ಲೂ ಓದಿದವನು. ಒಂದು ಸಲ ಹೋಗಿ ನೋಡಿ ಬಾ. ಅದೇನೆಂದು ನನಗೆ ಹೇಳು" ಎಂದಳು. ನೋಡದೆ, ಕೇಳದೆ ತೀರ್ಪು ಹೇಳುವುದು ನಮ್ಮ ಉಸ್ತಾದರು ಕಲಿಸಿದ ಕ್ರಮವಲ್ಲ. ಶನಿವಾರ-ಭಾನುವಾರ ಎರಡು ದಿನ ಇಂತಹ ತಂಡಗಳು ಸೇರುವ ಒಂದು ಕೂಟವಿದೆ ಎಂದು ಹುಡುಗನೇ ತಿಳಿಸಿದ. ನಾನು ಹೋದೆ.

ಈ ಸಂಗೀತದ ಹುಟ್ಟಿನ ಕತೆಯನ್ನು ಅವನೇ ಹೇಳಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ನಗರ. ಅಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗ, ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಎಡಗೈಯಿಂದ ಮೀಟುವವನಿಗೆ ತಂತಿ ಒತ್ತಲು ಬೇಕಾದದ್ದು ಅದೇ ಬಲಗೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಅದಕ್ಕೆ ಚರ್ಮ ಅಂಟಿಸಿದ. ಮುಂದೆ ತಂತಿಗಳನ್ನೂ ಸಡಿಲಿಸಿದ. ತಂತಿ ಸಡಿಲವಾದಾಗ ಸ್ವರ ತಗ್ಗಿತು, ಭಾರವಾಯಿತು. ಅವನಿದ್ದ 'ಬ್ಲ್ಯಾಕ್ ಸಬ್ಬತ್' ತಂಡದ ಮೊದಲ ಆಲ್ಬಂ 1970ರ ಫೆಬ್ರವರಿ 13ರಂದು ಹೊರಬಂತು. ಡೂಮ್ ಮೆಟಲ್‌ನವರು ತಮ್ಮ ಬೇರನ್ನು ಅಲ್ಲಿಯೇ ಗುರುತಿಸುತ್ತಾರೆ. ಆ ತಂಡದ ಗಾಯಕ ಓಝಿ ಓಸ್ಬರ್ನ್ 2025ರ ಜುಲೈ 5ರಂದು ಹುಟ್ಟೂರಿನಲ್ಲಿ ಕೊನೆಯ ಬಾರಿ ಹಾಡಿ, ಅದೇ ತಿಂಗಳ 22ರಂದು ತೀರಿಕೊಂಡ.

ಬೆಂಗಳೂರಿಗೂ ಇದು ಹೊಸತಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ನುಡಿಸಿದ್ದವು. 2012ರಲ್ಲಿ 'ಬೆಂಗಳೂರು ಓಪನ್ ಏರ್' ಎಂಬ ಮೆಟಲ್ ಉತ್ಸವ ಆರಂಭವಾಯಿತು. ನಮ್ಮವರದೇ ಡೂಮ್ ತಂಡಗಳೂ ಇವೆ. ಒಂದರ ಹೆಸರು 'ಜಿನ್ ಆ್ಯಂಡ್ ಮಿಸ್ಕಟಾನಿಕ್'. ನಮಗೆ ಕುರ್‌ಆನಿನಲ್ಲಿ ಪರಿಚಿತವಾದ ಜಿನ್ನ್ ಅಲ್ಲಿಗೂ ತಲುಪಿದೆ! ಇನ್ನೊಂದರ ಹೆಸರು 'ಬೇವಾರ್ ಸೀ'. ಸೀ ಎಂದರೆ ಸಮುದ್ರ. ಆದರೆ ಕೂಡಿಸಿ ಓದಿದರೆ ನಮ್ಮ ಬೈಗುಳ, ಬೇವಾರ್ಸಿ.

ಆ ಹೆಸರು ಕೇಳಿ ನನಗೆ ಮೊದಲು ನಗು ಬಂತು. ಬಳಿಕ ಯೋಚನೆಯಾಯಿತು. ಫಾರ್ಸಿಯ 'ಬೇ' ಎಂದರೆ ಇಲ್ಲದ, ಅರಬಿಯ 'ವಾರಿಸ್' ಎಂದರೆ ಹಕ್ಕುದಾರ. ಹೇಳಿಕೊಳ್ಳಲು ಯಾರೂ ಇಲ್ಲದವನೇ ಬೇವಾರ್ಸಿ. ಮನೆಯಿಂದ ಹೊರಹಾಕಿದ ಮಗನನ್ನು ನಾವು ಏನು ಮಾಡುತ್ತೇವೆ ಎಂಬುದಕ್ಕೆ ಇದಕ್ಕಿಂತ ಸರಿಯಾದ ಪದ ಬೇರೆಲ್ಲಿದೆ?

ಸಭಾಂಗಣದಲ್ಲಿ ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಬೆಳಕು ಕಡಿಮೆ. ಕಪ್ಪು ಅಂಗಿ, ಉದ್ದ ಕೂದಲು. ಒಂದು ಮೂಲೆಯಲ್ಲಿ ಬಿಯರ್ ಮಾರಾಟ. ಹಾಡು ಎಷ್ಟು ನಿಧಾನವೆಂದರೆ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಉಸಿರೆಳೆದು ಬಿಡಬಹುದು. ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ಶಿವರಾತ್ರಿಯ ದಿನಗಳಲ್ಲಿ ನಮ್ಮೂರ ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಜನರ ಕಂಸಾಳೆಯ ಕಂಚಿನ ಸದ್ದು ನೆನಪಾಯಿತು. ಆದರೆ ಅಲ್ಲಿ ನಡೆಯುವವರಿಗೆ ಒಂದು ಬೆಟ್ಟವಿದೆ, ಬಾಯಲ್ಲಿ ಒಂದು ಹೆಸರಿದೆ. ಇಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಿಂತಲ್ಲೇ ತಲೆದೂಗುತ್ತಿದ್ದರು. ಹೊಡೆದಾಟ ಕಾಣಲಿಲ್ಲ. ನನ್ನ ಬಿಳಿ ಟೋಪಿ, ಗಡ್ಡ ನೋಡಿ ಇಬ್ಬರು ಹುಡುಗರು ಕುರ್ಚಿ ತಂದುಕೊಟ್ಟರು.

ಮಗ್ರಿಬ್‌ನ ಹೊತ್ತಿಗೆ ಹುಡುಗನೇ "ಮಾಮು, ಮಸೀದಿ ಹತ್ತಿರವೇ ಇದೆ" ಎಂದ. ನಮಾಝ್ ಮುಗಿಸಿ ಹೊರಗಿನ ಕಟ್ಟೆಯ ಮೇಲೆ ಕುಳಿತಾಗ ಕೇಳಿದೆ: "ಇದರಲ್ಲಿ ನಿನಗೇನು ಸಿಗುತ್ತದೆ?" ಸ್ವಲ್ಪ ಹೊತ್ತು ಸುಮ್ಮನಿದ್ದ.

"ದಾದಿ ತೀರಿಕೊಂಡಾಗ ನನಗೆ ಮುಖ ತೋರಿಸಲಿಲ್ಲ ಮಾಮು."

ಅದು 2021ರ ಕೊರೋನಾ ಎರಡನೇ ಅಲೆ. ಅವನನ್ನು ಎತ್ತಿ ಬೆಳೆಸಿದ ಅಜ್ಜಿಯ ಮಯ್ಯಿತ್‌ಗೆ ಮನೆಯವರು ಗುಸುಲ್ ಮಾಡಿಸಲಾಗಲಿಲ್ಲ. ಪ್ಲಾಸ್ಟಿಕ್ ಉಡುಪು ತೊಟ್ಟ ನಾಲ್ವರು ಸ್ವಯಂಸೇವಕರು ದಫನ್ ಮಾಡಿದರು. ಹುಡುಗ ದೂರದ ಬೇಲಿಯಾಚೆ ನಿಂತಿದ್ದ. "ಎಲ್ಲರೂ ಸಬರ್ ಮಾಡು ಅಂದ್ರು. ಮೂರನೇ ದಿನಕ್ಕೆ ಆನ್‌ಲೈನ್ ಕ್ಲಾಸಿಗೆ ಕೂತೆ. ಇವರ ಹಾಡು ಅವಸರ ಮಾಡಲ್ಲ ಮಾಮು. ದುಃಖ ಬೇಗ ಮುಗಿಸು ಅನ್ನಲ್ಲ" ಎಂದ.

ಸಬರ್ ಎಂದರೆ ಕಣ್ಣೀರು ನುಂಗುವುದು ಎಂದು ನಾವು ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅವರ ಕಣ್ಣುಗಳು ತುಂಬಿ ಹರಿದುವು. ಬಳಿಯಿದ್ದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟಾಗ, ಇದು ಕಾರುಣ್ಯವೆಂದು ತಿಳಿಸಿದರು. ಕಣ್ಣು ಅಳುತ್ತದೆ, ಹೃದಯ ನೋಯುತ್ತದೆ, ಆದರೆ ಪ್ರಭು ಮೆಚ್ಚದ ಮಾತನ್ನು ನಾಲಗೆ ಆಡಬಾರದು ಎಂಬುದೇ ಅವರು ಹಾಕಿಕೊಟ್ಟ ಮೇರೆ. ಹ. ಖದೀಜಾ(ರ) ಮತ್ತು ಅಬೂತಾಲಿಬ್ ಅಗಲಿದ ವರ್ಷವನ್ನು ನಮ್ಮ ಚರಿತ್ರೆ ದುಃಖದ ವರ್ಷವೆಂದೇ ಕರೆಯುತ್ತದೆ. ಶೋಕಕ್ಕೆ ಒಂದಿಡೀ ವರ್ಷವನ್ನು ಬರೆದಿಟ್ಟ ಸಮುದಾಯ ಒಬ್ಬ ಹುಡುಗನಿಗೆ ಮೂರು ದಿನವಾದರೂ ಕೊಡಬೇಡವೇ?

ಇನ್ನು ಸಂಗೀತದ ವಿಧಿ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ವಾದ್ಯಗಳನ್ನು ಒಪ್ಪಿಲ್ಲ. ನನ್ನ ಮನಸ್ಸೂ ಅದೇ ಕಡೆಗಿದೆ. ಅವನಿಗೂ ಹಾಗೆಯೇ ಹೇಳಿದೆ. ಆದರೆ ಸ್ಪೇನಿನ ಇಮಾಮ್ ಇಬ್ನ್ ಹಝ್ಮ್ ಅನುಮತಿ ಇದೆಯೆಂದರು. ಇಮಾಮ್ ಗಝ್ಝಾಲಿ 'ಇಹ್ಯಾ' ಗ್ರಂಥದಲ್ಲಿ ಈ ವಿಷಯಕ್ಕೇ ಒಂದು ಭಾಗ ಮೀಸಲಿಟ್ಟು, ಷರತ್ತುಗಳನ್ನು ವಿವರಿಸಿದರು. ಈದ್ ದಿನ ಹ. ಆಯಿಶಾ(ರ)ರ ಬಳಿ ಇಬ್ಬರು ಬಾಲೆಯರು ಹಾಡುತ್ತಿದ್ದಾಗ ಹ. ಅಬೂಬಕರ್(ರ) ಗದರಿದರೆ, ಪ್ರವಾದಿ(ಸ)ರು ಅವರನ್ನು ಬಿಟ್ಟುಬಿಡಲು ಹೇಳಿದ್ದು ಬುಖಾರಿಯಲ್ಲಿದೆ. ಹೀಗೆ ಇದು ಚರ್ಚೆಯಿರುವ ವಿಷಯ. ಮದ್ಯ ಹರಾಮ್ ಎಂಬುದರಲ್ಲಿ ಚರ್ಚೆಯಿಲ್ಲ. ರಕ್ತಸಂಬಂಧ ಕಡಿಯುವುದು ಮಹಾಪಾಪ ಎಂಬುದರಲ್ಲೂ ಚರ್ಚೆಯಿಲ್ಲ. ಚರ್ಚೆಯಿರುವ ಒಂದನ್ನು ತಡೆಯಲು ಚರ್ಚೆಯೇ ಇಲ್ಲದ ಪಾಪವನ್ನು ಮಾಡುವುದು ಯಾವ ದೀನ್?

ಭಾವನಿಗೆ ನಾನು ಹೇಳಿದ್ದು ಇಷ್ಟೇ. ಹುಡುಗನಿಗೂ ಮೂರು ಮಾತು ಹೇಳಿದೆ. ಬಿಯರ್ ಮಾರುವ ಕಡೆ ನಿನ್ನ ಸಂಜೆಗಳನ್ನು ಕಳೆಯಬೇಡ. ನಮಾಝ್ ತಪ್ಪಿಸುವ ಹಾಡು ಯಾವುದೇ ಇರಲಿ, ಅದನ್ನು ಬಿಡು. ಕಿವಿ ಅಲ್ಲಾಹನ ಅಮಾನತ್, ಅದನ್ನು ಕಾಪಾಡು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು, 100 ಡೆಸಿಬಲ್ ಆದರೆ 15 ನಿಮಿಷ ಮಾತ್ರ. ಒಮ್ಮೆ ಹೋದ ಶ್ರವಣಶಕ್ತಿ ಮರಳುವುದಿಲ್ಲ.

ಬಕ್ರೀದ್‌ಗೆ ಹುಡುಗ ಊರಿಗೆ ಬಂದ. ಗಿಟಾರ್ ತರಲಿಲ್ಲ. ಭಾವ ಇಯರ್‌ಫೋನಿನ ಒಂದು ತುದಿ ತಮ್ಮ ಕಿವಿಗಿಟ್ಟುಕೊಂಡು ಎರಡು ನಿಮಿಷ ಕೇಳಿ, "ಇಷ್ಟು ನಿಧಾನವಾದರೆ ಇದು ಮುಗಿಯೋದು ಯಾವಾಗ?" ಎಂದರಂತೆ. ಈದ್ ನಮಾಝ್ ಮುಗಿಸಿ ಇಬ್ಬರೂ ಖಬರಸ್ಥಾನಕ್ಕೆ ಹೋದರು. ಬಹಳ ಹೊತ್ತು ಅಲ್ಲಿದ್ದು ಬಂದರು ಎಂದು ಆಪಾ ಹೇಳಿದಳು.

ನಿಮ್ಮ ಮಗನೋ ಮಗಳೋ ಕತ್ತಲೆಯ ಹಾಡು ಕೇಳುತ್ತಿದ್ದರೆ, ಫೋನ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ: "ಯಾವುದು ನಿನ್ನನ್ನು ನೋಯಿಸಿದೆ?" ಉತ್ತರ ಬರಲು ತಡವಾಗಬಹುದು. ಕಾಯಿರಿ. ಬುದ್ಧಿವಾದ ಹೇಳಲು ಮುಂದೆ ದಿನಗಳಿವೆ. ನಮ್ಮ ಮಕ್ಕಳ ದುಃಖ ಮೊದಲು ನಮ್ಮ ಕಿವಿಗೆ ಬೀಳುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.