ಬೀಗ ಹಾಕಿದ್ರೆ ಮುಗೀತಾ? (ಲಿನಕ್ಸ್ ಸರಣಿ, ಕಂತು 5)

(1/3)
ಪ್ರಾಜೆಕ್ಟ್‌ಗೆ ಅಂತ ಬಾಡಿಗೆ ಸರ್ವರ್ ತಗೊಂಡಿರೋ ನೀವೆಲ್ಲ ಒಂದೇ ಮಾತು ಹೇಳ್ತೀರಿ: "ನಮ್ಮದ್ರಲ್ಲಿ ಏನಿದೆ ಅಂತ ಬಂದು ಹ್ಯಾಕ್ ಮಾಡ್ತಾರೆ ಗುರು?"

ನಿಮ್ಮನ್ನೇ ಹುಡುಕ್ಕೊಂಡು ಯಾರೂ ಬರಲ್ಲ, ನಿಜ. ಬರೋದು ಮನುಷ್ಯರಲ್ಲ, ಪ್ರೋಗ್ರಾಮ್‌ಗಳು. ಐಪಿವಿ4 ವಿಳಾಸಗಳು ಒಟ್ಟು ಇರೋದೇ ಸುಮಾರು 430 ಕೋಟಿ. 2013ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನೋ ಪ್ರೋಗ್ರಾಂ ಬರೆದು, ಒಂದೇ ಕಂಪ್ಯೂಟರ್‌ನಿಂದ 45 ನಿಮಿಷದೊಳಗೆ ಇಡೀ ಇಂಟರ್ನೆಟ್ಟಿನ ಒಂದೊಂದು ಬಾಗಿಲು ತಟ್ಟಿ ಬರಬಹುದು ಅಂತ ತೋರಿಸಿದ್ರು. ಅಂದ್ಮೇಲೆ ನಿಮ್ಮ ಬಾಗಿಲಿನ ಸರದಿ ಬರದೇ ಇರುತ್ತಾ? 2016ರ ಮಿರಾಯ್ ನೆನಪಿಸ್ಕೊಳ್ಳಿ. ಕೇವಲ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿ ಇಟ್ಕೊಂಡು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನ ವಶ ಮಾಡ್ಕೊಂಡಿತ್ತು.

ಅವಕ್ಕೆ ನಿಮ್ಮ ಫೈಲ್ ಬೇಡ, ನಿಮ್ಮ ಯಂತ್ರ ಬೇಕು. ನಿಮ್ಮ ವಿಳಾಸದಿಂದ ಇನ್ನೊಬ್ಬರ ಮೇಲೆ ದಾಳಿ ಮಾಡೋಕೆ. ದೂರು ಬರೋದು ನಿಮ್ಮ ಹೆಸರಿಗೆ.

(2/3)
ಬೀಗ ಹಾಕೋದು ಸುಲಭ ಕಣ್ರಪ್ಪಾ. ರೂಟ್ ಲಾಗಿನ್ ಬಂದ್ ಮಾಡಿ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ತೆಗೆದು ಕೀ ಇಡಿ. ಬೇಡದ ಪೋರ್ಟ್‌ಗಳನ್ನ ಫೈರ್‌ವಾಲ್‌ನಲ್ಲಿ ಮುಚ್ಚಿ. ಅಪ್‌ಡೇಟ್ ಮುಂದೂಡ್ಬೇಡಿ. ಒಂದು ಗಂಟೆ ಕೆಲಸ.

ಆಮೇಲೆ? ನಮ್ಮ ಕಡೆ ಕಾಯಿನ ಅಟ್ಟಕ್ಕೆ ಹಾಕಿ, ಕೊಬ್ಬರಿ ಆಗೋಕೆ ಹತ್ತು-ಹನ್ನೊಂದು ತಿಂಗಳು ಬಿಡ್ತೀವಿ. ಬಾಗಿಲಿಗೆ ಬೀಗ ಇದೆ ಅಂತ ಅಷ್ಟೂ ದಿನ ಅಟ್ಟ ಹತ್ತದೇ ಇರ್ತೀವಾ? ಇಲಿ ಬಿದ್ದಿದ್ಯಾ, ಹೆಂಚು ಸೋರ್ತಿದ್ಯಾ ಅಂತ ಆಗಾಗ ನೋಡ್ತೀವಿ. ಸರ್ವರ್‌ಗೂ ಅಟ್ಟ ಹತ್ತೋ ಅಭ್ಯಾಸ ಬೇಕು. ಅದಕ್ಕೇ ಲಾಗ್ ಇರೋದು.

'ಲಾಸ್ಟ್' ಅಂತ ಕಮಾಂಡ್ ಕೊಟ್ರೆ ಯಾರ್ಯಾರು ಯಾವಾಗ ಒಳಗೆ ಬಂದ್ರು ಅಂತ ತೋರಿಸುತ್ತೆ. 'ಲಾಸ್ಟ್‌ಬಿ' ಕೊಟ್ರೆ, ಬರೋಕೆ ನೋಡಿ ಸೋತವರ ಪಟ್ಟಿ. ಈ ಎರಡನೇ ಪಟ್ಟಿ ನೋಡಿ ಗಾಬರಿ ಆಗ್ಬೇಡಿ. ಅದು ಹೆಂಚಿನ ಮೇಲೆ ಬೀಳೋ ಮಳೆ ಸದ್ದು, ದಿನಾ ಇದ್ದಿದ್ದೇ. ಹೆದರಬೇಕಾದ್ದು ಮೊದಲನೇ ಪಟ್ಟಿಗೆ. ರಾತ್ರಿ ಮೂರು ಗಂಟೆಗೆ ನಿಮ್ಮದೇ ಹೆಸರಲ್ಲಿ ಯಾರೋ ಬಂದಿದ್ರೆ, ಆಗ ನೀವು ಮಲಗಿದ್ರೆ, ಸೋರಿರೋದು ಅಲ್ಲಿ. ಗೊತ್ತಿಲ್ಲದ ಹೊಸ ಬಳಕೆದಾರ, ನೀವು ಬರೆಯದ ಕ್ರಾನ್ ಕೆಲಸ ಇದ್ಯಾ ಅಂತನೂ ನೋಡಿ. ರೂಟ್ ಸಿಕ್ಕವನು ಮೊದಲು ಅಳಿಸೋದು ಲಾಗನ್ನೇ. ಹಾಗಾಗಿ ಅದರ ಒಂದು ಪ್ರತಿ ಬೇರೆ ಯಂತ್ರಕ್ಕೆ ಹೋಗ್ತಿರಲಿ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಮುಕ್ಕಾಲು ಡಾಲರು. ಕ್ಲಿಫರ್ಡ್ ಸ್ಟೋಲ್ ಅದನ್ನ 'ಹೋಗ್ಲಿ ಬಿಡು' ಅನ್ನಲಿಲ್ಲ. ತಿಂಗಳುಗಟ್ಟಲೆ ಬೆನ್ನು ಹತ್ತಿ ಹೋದ್ರೆ, ಸಿಕ್ಕಿದ್ದು ಜರ್ಮನಿಯಲ್ಲಿ ಕೂತು ಅಮೆರಿಕದ ಮಿಲಿಟರಿ ಕಂಪ್ಯೂಟರ್‌ಗಳನ್ನ ತಡಕಾಡಿ ಸೋವಿಯತ್ ಕೆಜಿಬಿಗೆ ಮಾಹಿತಿ ಮಾರ್ತಿದ್ದ ಗುಂಪು. ಹಿಡಿದುಕೊಟ್ಟಿದ್ದು ಬೀಗ ಅಲ್ಲ, ಲೆಕ್ಕ.

(3/3)
ಇದೆಲ್ಲ ದೂರದ ಕಥೆ ಅನ್ಸಿದ್ರೆ ಹತ್ತಿರದ್ದು ಕೇಳಿ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ನುಗ್ಗಿ, ಟೆಂಡರ್ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹೋಯ್ತು.

ಇನ್ನೂ ಹತ್ತಿರದ್ದು: 2024ರ ಆರಂಭದಲ್ಲಿ ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ನೋಂದಣಿ ಅಕ್ರಮದ ದೂರುಗಳಿಂದ ರದ್ದಾಗಿ, ಮತ್ತೆ ಮೊದಲಿಂದ ನಡೀತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬೆಳೆಗಾರರು ಪಹಣಿ, ಆಧಾರ್ ಹಿಡ್ಕೊಂಡು ಎರಡೆರಡು ಸಲ ಸಾಲು ನಿಲ್ಲಬೇಕಾಯ್ತು. ಅದು ಹ್ಯಾಕ್ ಅಂತ ನಾನು ಹೇಳ್ತಿಲ್ಲ. 'ಈ ಹೆಸರು ಸೇರಿಸಿದ್ದು ಯಾರು, ಯಾವಾಗ?' ಅನ್ನೋ ಪ್ರಶ್ನೆಗೆ ಉತ್ತರ ಇರೋ ವ್ಯವಸ್ಥೆ ಎಷ್ಟು ಮುಖ್ಯ ಅಂತ ಹೇಳ್ತಿದೀನಿ.

ಈಗ ನಮ್ಮ ಸೆಮಿಸ್ಟರ್ ಪ್ರಾಜೆಕ್ಟ್‌ಗಳಿಗೆ ಬನ್ನಿ. ಅರ್ಧ ಟೀಮ್‌ಗಳದ್ದು ಕೊಬ್ಬರಿ ರೇಟು, ಬೆಳೆಗಾರರ ಪಟ್ಟಿ. ನಾಲ್ಕು ಜನ ಒಂದೇ ಲಾಗಿನ್ ಹಂಚ್ಕೊಂಡು ಕೆಲಸ. ಏನಾದ್ರೂ ಎಡವಟ್ಟಾದ್ರೆ ಲಾಗ್‌ನಲ್ಲಿ ಇರೋದು ಒಂದೇ ಹೆಸರು, ಮಾಡಿದ್ದು ಯಾರು ಅಂತ ದೇವರಿಗೇ ಗೊತ್ತು. ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್ ಮಾಡಿ, ಬೇಕಾದವರಿಗೆ ಮಾತ್ರ ಸುಡೋ ಕೊಡಿ. ಅದು ಗೆಳೆಯರ ಮೇಲಿನ ಅನುಮಾನ ಅಲ್ಲ. ನಾಳೆ ಆರೋಪ ಬಂದ್ರೆ ತಪ್ಪು ಮಾಡದವನನ್ನ ಕಾಪಾಡೋದೇ ಆ ಸಾಲು.

ನಮ್ಮ ಟೀಮ್ ಒಂದು ತೀರ್ಮಾನ ಮಾಡಿದೆ: ಆಧಾರ್ ನಂಬರು, ಪಾಸ್‌ಬುಕ್ ಫೋಟೋ ಸರ್ವರ್ ಮೇಲೆ ಇಡೋದೇ ಇಲ್ಲ. ಅಟ್ಟದಲ್ಲಿ ಇಲ್ಲದ್ದನ್ನ ಕದಿಯೋಕಾಗಲ್ಲ. ಊರಿನ ಅಜ್ಜಂದಿರು, ಅಮ್ಮಂದಿರು ಕೇಳಿದ ತಕ್ಷಣ ಎಲ್ಲಾ ಕಾಗದ ಕೊಡ್ತಾರೆ. ಅವರಿಗೆ ಸರ್ವರ್ ಅಂದ್ರೇನು ಗೊತ್ತಿಲ್ಲ. ಅವರು ನಂಬಿರೋದು 'ನಮ್ಮ ಹುಡುಗ್ರು' ಅಂತ ನಿಮ್ಮನ್ನ.

ಇವತ್ತು ರಾತ್ರಿ ಒಂದ್ಸಲ 'ಲಾಸ್ಟ್' ಹೊಡೆದು ನೋಡಿ. ಗುರುತಿಲ್ಲದ ಹೆಸರು ಕಂಡ್ರೆ ಮೆಸೇಜ್ ಮಾಡಿ, ಒಟ್ಟಿಗೆ ನೋಡೋಣ. ಪಾಸ್‌ವರ್ಡ್ ಮಾತ್ರ ನನಗೂ ಕಳಿಸ್ಬೇಡಿ!

#ಲಿನಕ್ಸ್ಕನ್ನಡದಲ್ಲಿ #ತಿಪಟೂರು #ಕಲ್ಪತರುನಾಡು